ಪರಿಸರದ ಎಂ.ಎಸ್ಸಿ.: ಹೆಸರೊಂದು, ಮನೆತನ ಐದು

ಭಾರತೀಯ ಅರಣ್ಯ ಸೇವೆಯ ಪರೀಕ್ಷೆಗೆ ಯಾವ ಪದವಿ ಬೇಕು ಎಂಬ ಪಟ್ಟಿಯನ್ನು ಒಮ್ಮೆ ನೋಡಬೇಕು. ಪಶುಸಂಗೋಪನೆ ಮತ್ತು ಪಶುವೈದ್ಯಕೀಯ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ, ಗಣಿತ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ, ಪ್ರಾಣಿಶಾಸ್ತ್ರ ಇವುಗಳಲ್ಲಿ ಒಂದನ್ನಾದರೂ ಡಿಗ್ರಿಯಲ್ಲಿ ಓದಿರಬೇಕು. ಇಲ್ಲವೇ ಕೃಷಿ, ಅರಣ್ಯಶಾಸ್ತ್ರ ಅಥವಾ ಇಂಜಿನಿಯರಿಂಗ್ ಪದವಿ ಇರಬೇಕು. ಗಣಿತ ಓದಿದವರು ಕಾಡು ಕಾಯುವ ಅಧಿಕಾರಿಯಾಗಬಹುದು. ಪರಿಸರ ವಿಜ್ಞಾನದ ಹೆಸರೇ ಆ ಪಟ್ಟಿಯಲ್ಲಿಲ್ಲ. ನಮ್ಮ ಬಿ.ಎಸ್ಸಿ.ಯಲ್ಲಿ ಒಂದರ ಜೊತೆ ಇನ್ನೆರಡು ವಿಷಯ ಸೇರಿಸಿ ಓದುವ ರೂಢಿ ಇದ್ದುದರಿಂದ ಬಹಳ ಮಂದಿ ಹೇಗೋ ಪಾರಾಗುತ್ತಾರೆ, ಅದು ಬೇರೆ ಮಾತು.

ಪ್ರತಿ ವರ್ಷ ಜೂನ್ ಬಂತೆಂದರೆ ಪರಿಚಯದವರ ಒಂದೆರಡು ಫೋನು ಬರುತ್ತವೆ. "ಮಗಳು ಡಿಗ್ರಿ ಮುಗಿಸಿದಾಳೆ ಸಾರ್. ಪರಿಸರದಲ್ಲೇ ಎಂ.ಎಸ್ಸಿ. ಮಾಡ್ತೀನಿ ಅಂತ ಹಟ ಹಿಡಿದಿದಾಳೆ. ಸೇರಿಸ್ಲಾ, ಬೇಡ್ವಾ?" ಹೂಂ ಅನ್ನುವುದೂ ಕಷ್ಟ, ಉಹೂಂ ಅನ್ನುವುದೂ ಕಷ್ಟ. 'ಪರಿಸರ ಮತ್ತು ನೈಸರ್ಗಿಕ ಸಂಪನ್ಮೂಲ ನಿರ್ವಹಣೆ' ಎಂಬ ಒಂದೇ ಫಲಕದಡಿ ಕಡಿಮೆಯೆಂದರೂ ಐದು ಮನೆತನಗಳು ಬಿಡಾರ ಹೂಡಿವೆ. ಒಂದೊಂದೂ ಬೇರೆ ಕಾಲದಲ್ಲಿ, ಬೇರೆ ಯಜಮಾನನ ಕೆಲಸಕ್ಕೆಂದು ಹುಟ್ಟಿದ್ದು. ಒಂದು ಮನೆತನದವರು ಕಲಿಸುವುದನ್ನು ಇನ್ನೊಂದು ಮನೆತನದವರು ಓದೆಂದೇ ಒಪ್ಪುವುದಿಲ್ಲ. ಸೇರುವ ಮಗಳಿಗೆ ಇದನ್ನು ಯಾರೂ ಹೇಳಿರುವುದಿಲ್ಲ.

ಮೊದಲು ಬಂದದ್ದು ಮರದ ಲೆಕ್ಕ

ಎಲ್ಲಕ್ಕೂ ಹಳೆಯ ಮನೆತನ ಅರಣ್ಯಶಾಸ್ತ್ರದ್ದು. 18ನೇ ಶತಮಾನದ ಆರಂಭದಲ್ಲಿ ಜರ್ಮನಿಯ ಸ್ಯಾಕ್ಸನಿಯ ಗಣಿಗಳಿಗೆ ಸೌದೆಯ ಬರ ಬಂತು. ಅದಿರು ಕರಗಿಸುವ ಕುಲುಮೆಗಳು ಸುತ್ತಲ ಕಾಡನ್ನೆಲ್ಲ ನುಂಗಿದ್ದವು. ಅಲ್ಲಿನ ಗಣಿ ಆಡಳಿತಗಾರ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಒಂದು ದಪ್ಪ ಪುಸ್ತಕ ಬರೆದು, ಬೆಳೆಯುವಷ್ಟನ್ನೇ ಕಡಿಯಿರಿ ಎಂದ. ಇವತ್ತು ಎಲ್ಲ ಭಾಷಣಗಳಲ್ಲೂ ನುಸುಳುವ 'ಸುಸ್ಥಿರತೆ' ಹುಟ್ಟಿದ್ದು ಹೀಗೆ ಒಂದು ಗಣಿ ಕಚೇರಿಯಲ್ಲಿ. ಅಲ್ಲಿಂದ ಅದು ಜರ್ಮನಿಯ ಅರಣ್ಯ ಶಾಲೆಗಳಿಗೆ, 1824ರಲ್ಲಿ ಶುರುವಾದ ಫ್ರಾನ್ಸಿನ ನಾನ್ಸಿ ಶಾಲೆಗೆ ದಾಟಿತು.

ಭಾರತಕ್ಕೆ ಅದನ್ನು ತಂದದ್ದು ರೈಲ್ವೆ ಸ್ಲೀಪರಿನ ಹಸಿವು. ಅದಕ್ಕೂ ಮುಂಚೆ ಹ್ಯೂ ಕ್ಲೆಗಾರ್ನ್ ಎಂಬ ವೈದ್ಯ ಮೈಸೂರು ಸೀಮೆಯ ಶಿವಮೊಗ್ಗದಲ್ಲಿದ್ದಾಗ ಗಿಡಮರಗಳ ಅಧ್ಯಯನಕ್ಕೆ ತೊಡಗಿ, ಮುಂದೆ 1856ರಲ್ಲಿ ಮದ್ರಾಸು ಪ್ರಾಂತದ ಅರಣ್ಯಗಳ ಹೊಣೆ ಹೊತ್ತಿದ್ದ. 1864ರಲ್ಲಿ ಜರ್ಮನ್ ಸಸ್ಯಶಾಸ್ತ್ರಜ್ಞ ಡೀಟ್ರಿಕ್ ಬ್ರಾಂಡಿಸ್ ಇಡೀ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥನಾದ. 1878ರಲ್ಲಿ ಎರಡು ಘಟನೆಗಳು ಒಟ್ಟಿಗೇ ನಡೆದವು. ಹಳ್ಳಿಗರ ಕಾಡನ್ನು ಸರ್ಕಾರದ ಕಾಡಾಗಿಸುವ ಅರಣ್ಯ ಕಾಯ್ದೆ ಬಂತು, ಡೆಹ್ರಾಡೂನಿನಲ್ಲಿ ರೇಂಜರುಗಳ ಶಾಲೆ ತೆರೆಯಿತು. ಬೇಲಿಯೂ ಬಂತು, ಬೇಲಿ ಕಾಯುವವನಿಗೆ ಪಾಠವೂ ಶುರುವಾಯಿತು. ಈ ಎರಡನ್ನೂ ಜೋಡಿಸಿ ಓದದ ಹೊರತು ಮುಂದಿನ ನೂರು ವರ್ಷದ ಪಠ್ಯಕ್ರಮ ಅರ್ಥವಾಗುವುದಿಲ್ಲ.

ಇದೇ ಬ್ರಾಂಡಿಸ್‌ನ ಮಾರ್ಗದರ್ಶನದಲ್ಲಿ ನಾನ್ಸಿಯಲ್ಲಿ ಓದಿದ ಅಮೆರಿಕನ್ ಗಿಫರ್ಡ್ ಪಿನ್ಶೊ. 1900ರಲ್ಲಿ ಯೇಲ್ ವಿಶ್ವವಿದ್ಯಾಲಯದಲ್ಲಿ ಅರಣ್ಯ ಶಾಲೆ ಶುರುವಾದದ್ದು ಅವನ ಕುಟುಂಬದ ದುಡ್ಡಿನಿಂದ, ಅವನ ಮತ್ತು ಹೆನ್ರಿ ಗ್ರೇವ್ಸ್‌ನ ಓಡಾಟದಿಂದ. ಆ ಶಾಲೆಯ ಹೆಸರು 1972ರಲ್ಲಿ ಅರಣ್ಯ ಮತ್ತು ಪರಿಸರ ಅಧ್ಯಯನ ಶಾಲೆ ಎಂದಾಗಿ, 2020ರಲ್ಲಿ ಬರೀ 'ಪರಿಸರ ಶಾಲೆ' ಆಯಿತು. ನಾವು ಚರ್ಚಿಸುತ್ತಿರುವ ಪದವಿಯ ಚರಿತ್ರೆ ಹೆಚ್ಚುಕಡಿಮೆ ಆ ಮೂರು ಬೋರ್ಡುಗಳಲ್ಲೇ ಇದೆ.

ಈ ಮನೆತನದ ಬಲ ಎಣಿಕೆಯಲ್ಲಿದೆ. ಎಷ್ಟು ಮರ, ಎಷ್ಟು ಸುತ್ತಳತೆ, ವರ್ಷಕ್ಕೆ ಎಷ್ಟು ಬೆಳವಣಿಗೆ, ಯಾವ ಕಂಪಾರ್ಟ್‌ಮೆಂಟಿನಲ್ಲಿ ಯಾವಾಗ ಕಡಿತ. ವರ್ಕಿಂಗ್ ಪ್ಲಾನ್ ಬರೆಯುವ ವಿದ್ಯೆ ಇವತ್ತಿಗೂ ಬೇರೆ ಯಾರ ಬಳಿಯೂ ಇಲ್ಲ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು ಈ ಬಳುವಳಿಯ ವಾರಸುದಾರರು. ವಲಯ ಅರಣ್ಯಾಧಿಕಾರಿ ನೇಮಕಾತಿಯಲ್ಲಿ ತಮ್ಮ ಪಾಲು ಕಡಿಮೆಯಾಯಿತೆಂದು ಅಲ್ಲಿನ ವಿದ್ಯಾರ್ಥಿಗಳು ತರಗತಿ ಬಿಟ್ಟು ಧರಣಿ ಕೂತದ್ದೂ ಉಂಟು. ಅದನ್ನು ಬರೀ ನೌಕರಿಯ ಕೂಗೆಂದು ನಾನು ತಳ್ಳಿಹಾಕಲಾರೆ. ಕಾಡಿನ ಬಗ್ಗೆ ನಾಲ್ಕು ವರ್ಷ ಓದಿದವರಿಗೆ ಕಾಡಿನ ಕೆಲಸದಲ್ಲಿ ಎಷ್ಟು ಹಕ್ಕು ಎಂಬ ಪ್ರಶ್ನೆಗೆ ಸರ್ಕಾರ ನೇರ ಉತ್ತರ ಕೊಟ್ಟಿಲ್ಲ.

ಲೆಕ್ಕ ಹಾಕಿ ನಡೆದರೂ ಕೆಡಬಹುದು ಎಂಬುದಕ್ಕೆ ದೊಡ್ಡ ಸಾಕ್ಷಿ ಕಾಡಿನದಲ್ಲ, ಕಡಲಿನದು. ಕೆನಡಾದ ನ್ಯೂಫೌಂಡ್ಲೆಂಡ್ ಕರಾವಳಿಯ ಕಾಡ್ ಮೀನಿಗೆ ವರ್ಷಕ್ಕೆ ಇಷ್ಟೇ ಹಿಡಿಯಬೇಕೆಂದು ವಿಜ್ಞಾನಿಗಳು ಲೆಕ್ಕ ಹಾಕಿ ಕೊಡುತ್ತಿದ್ದರು. 1992ರಲ್ಲಿ ಮೀನುಗಾರಿಕೆಯನ್ನೇ ನಿಲ್ಲಿಸಬೇಕಾಯಿತು. ಸಾವಿರಾರು ಸಂಸಾರಗಳ ಕೆಲಸ ಒಂದೇ ದಿನಕ್ಕೆ ಹೋಯಿತು. 1973ರಷ್ಟು ಹಿಂದೆಯೇ ಸಿ.ಎಸ್. ಹಾಲಿಂಗ್ ಎಂಬ ಪರಿಸರಶಾಸ್ತ್ರಜ್ಞ, ಪ್ರಕೃತಿ ಯಾವಾಗಲೂ ಮೊದಲಿದ್ದ ಜಾಗಕ್ಕೇ ಮರಳುತ್ತದೆಂದು ನಂಬಬೇಡಿ, ಒಂದು ಹಂತ ದಾಟಿದರೆ ಬೇರೆಯದೇ ಸ್ಥಿತಿಗೆ ಜಾರಬಹುದು ಎಂದು ಬರೆದಿದ್ದ.

ಬಿದಿರ ಬುಡದ ಮುಳ್ಳು

ಎರಡನೆಯ ಮನೆತನ ಪರಿಸರಶಾಸ್ತ್ರಜ್ಞರದು, ಅಂದರೆ ಜೀವಿಗಳ ನಡುವಣ ಸಂಬಂಧ ಓದುವವರದು. ಇದರ ಕಥೆಯನ್ನು ಕರ್ನಾಟಕದಲ್ಲಿ ಬಿದಿರಿನಿಂದಲೇ ಶುರು ಮಾಡಬೇಕು.

1970ರ ದಶಕದಲ್ಲಿ ಉತ್ತರ ಕನ್ನಡದ ಬಿದಿರು ಬರಿದಾಗುತ್ತಿತ್ತು. ಬುಟ್ಟಿ ಹೆಣೆಯುವ ಮೇದಾರರು ಮತ್ತು ಹಳ್ಳಿಗರು ಹಾಳು ಮಾಡಿದರೆಂದು ಒಂದು ಕಡೆಯವರು, ಕಾಗದದ ಕಾರ್ಖಾನೆ ನುಂಗಿತೆಂದು ಇನ್ನೊಂದು ಕಡೆಯವರು. ದಾಂಡೇಲಿಯ ಕಾರ್ಖಾನೆಗೆ ಬಿದಿರು ಸಿಗುತ್ತಿದ್ದದ್ದು ಮೊದಮೊದಲು ಟನ್ನಿಗೆ ಒಂದೂವರೆ ರೂಪಾಯಿಗೆ. ಅದೇ ಬಿದಿರಿಗೆ ಪೇಟೆಯಲ್ಲಿ ಮೇದಾರರು ಕೊಡುತ್ತಿದ್ದದ್ದು ಸಾವಿರದ ಲೆಕ್ಕದಲ್ಲಿ. ಸರ್ಕಾರ ಅಧ್ಯಯನಕ್ಕೆ ಕೇಳಿಕೊಂಡದ್ದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಮಾಧವ ಗಾಡ್ಗೀಳರನ್ನು.

ಬಿದಿರ ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳು ಹೆಣೆದುಕೊಂಡಿರುತ್ತವೆ. ಅದು ಇಕ್ಕಟ್ಟು, ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂದು ಇಲಾಖೆ ಸವರಿಸುತ್ತಿತ್ತು. ಅದು ಪುಸ್ತಕದಲ್ಲಿದ್ದ ವಿಧಾನ. ಊರಿನವರು ಮಾತ್ರ, ಮುಳ್ಳು ತೆಗೆದರೆ ಕಳಲೆ ಉಳಿಯಲ್ಲ ಸ್ವಾಮಿ, ದನ ತಿಂದು ಹೋಗುತ್ತೆ ಅನ್ನುತ್ತಿದ್ದರು. ಗಾಡ್ಗೀಳ್ ಮತ್ತು ಎಸ್.ಎನ್. ಪ್ರಸಾದ್ ಮೆಳೆಮೆಳೆ ಅಳೆದು ನೋಡಿದಾಗ ಗೆದ್ದದ್ದು ಊರಿನವರ ಮಾತು. ಮುಳ್ಳು ಇದ್ದ ಕಡೆ ಕಳಲೆ ಬದುಕಿತು, ಸವರಿದ ಕಡೆ ಮೇಯ್ದು ಹೋಯಿತು.

ಈ ಕಥೆಯಲ್ಲಿ ಎರಡು ಪಾಠ ಇವೆ. ನಮ್ಮ ತರಗತಿಗಳಲ್ಲಿ ಒಂದನ್ನೇ ಹೇಳುತ್ತಾರೆ. ಪುಸ್ತಕದ ನಿಯಮವನ್ನು ನೆಲದ ಮೇಲೆ ಅಳೆದು ಪರೀಕ್ಷಿಸಿ ಎಂಬುದು ಮೊದಲನೆಯದು. ಈ ಮನೆತನ ಹೆಮ್ಮೆಪಡುವುದು ಅದಕ್ಕೇ. ಊರಿನವರ ಮಾತನ್ನು ಪರೀಕ್ಷೆಗೆ ಒಡ್ಡಬಹುದಾದ ಊಹೆಯೆಂದು ತೆಗೆದುಕೊಳ್ಳಬೇಕು ಎಂಬುದು ಎರಡನೆಯದು. ಅದನ್ನು ಕಲಿಸಲು ಭಾಷೆ ಬೇಕು, ಊರಲ್ಲಿ ಕೂರುವ ಪುರುಸೊತ್ತು ಬೇಕು.

1983ರಲ್ಲಿ ವಿಜ್ಞಾನ ಸಂಸ್ಥೆಯಲ್ಲಿ ಪರಿಸರಶಾಸ್ತ್ರ ಕೇಂದ್ರ ಶುರುವಾಯಿತು. ಡೆಹ್ರಾಡೂನಿನ ವನ್ಯಜೀವಿ ಸಂಸ್ಥೆ 1982ರದು. ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಜೀವಶಾಸ್ತ್ರ ಮತ್ತು ಸಂರಕ್ಷಣೆಯ ಎಂ.ಎಸ್ಸಿ. ಎರಡು ವರ್ಷಕ್ಕೊಮ್ಮೆ ಮಾತ್ರ ಸೇರಿಸಿಕೊಳ್ಳುತ್ತದೆ, ಅದೂ ಒಂದು ಬಸ್ಸಿನ ಅರ್ಧ ಸೀಟು ತುಂಬದಷ್ಟು ಮಂದಿಯನ್ನು. ಅಲ್ಲಿ ಓದಿದವರಿಗೆ ಅಂಕಿಸಂಖ್ಯೆ ಕರತಲಾಮಲಕ, ಕಾಡಿನಲ್ಲಿ ತಿಂಗಳುಗಟ್ಟಲೆ ಇದ್ದ ಅನುಭವ ಬೇರೆ. ಇಷ್ಟು ಚಿಕ್ಕ ಬಾಗಿಲಿನ ಮನೆಗೆ ಎಲ್ಲರನ್ನೂ ಕಳಿಸುವ ಹಾಗಿಲ್ಲ, ಅದೇ ತೊಂದರೆ.

ನೀರನ್ನು ಬಾಟಲಿಗೆ ತುಂಬಿದವರು

ಮೂರನೆಯದು ನಮ್ಮ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಾಗಿ ಕಾಣುವ ಮನೆತನ. ಮಾನಸಗಂಗೋತ್ರಿ, ಜ್ಞಾನಭಾರತಿ, ಶಂಕರಘಟ್ಟ, ಎಲ್ಲಿ ಹೋದರೂ 'ಪರಿಸರ ವಿಜ್ಞಾನ ಅಧ್ಯಯನ ವಿಭಾಗ' ಎಂಬ ಬೋರ್ಡು. 1972ರ ಸ್ಟಾಕ್‌ಹೋಮ್ ಸಮ್ಮೇಳನ, 1974ರ ಜಲ ಕಾಯ್ದೆ, ಅದರಡಿ ಬಂದ ಮಾಲಿನ್ಯ ನಿಯಂತ್ರಣ ಮಂಡಳಿಗಳು, 1984ರ ಭೋಪಾಲ್ ಅನಿಲ ದುರಂತ, 1986ರ ಪರಿಸರ ಸಂರಕ್ಷಣಾ ಕಾಯ್ದೆ. ಹೀಗೆ ಒಂದರ ಹಿಂದೆ ಒಂದು ಬಂದಾಗ ನೀರು, ಗಾಳಿ, ಮಣ್ಣು ಪರೀಕ್ಷಿಸುವವರು ದೇಶಕ್ಕೆ ಬೇಕಾದರು. ದೆಹಲಿಯ ಜೆಎನ್‌ಯು 1974ರಲ್ಲೇ ಪರಿಸರ ವಿಜ್ಞಾನಕ್ಕೆ ಪ್ರತ್ಯೇಕ ಶಾಲೆ ತೆರೆದಿತ್ತು.

ಇನ್ನೊಂದು ನೂಕು ಬಂದದ್ದು ನ್ಯಾಯಾಲಯದಿಂದ. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್, ಪರಿಸರವನ್ನು ಎಲ್ಲ ಹಂತಗಳಲ್ಲೂ ಕಡ್ಡಾಯವಾಗಿ ಕಲಿಸಿ ಎಂದಿತು. ಹನ್ನೆರಡು ವರ್ಷ ತಡವಾಗಿ, 2003–04ರ ಹೊತ್ತಿಗೆ ಯುಜಿಸಿ ಎಲ್ಲ ಡಿಗ್ರಿಗಳಿಗೂ ಆರು ತಿಂಗಳ ಪಾಠ ಹೇರಿತು. ಪಾಠ ಮಾಡುವವರು ಯಾರು? ಅನೇಕ ಕಾಲೇಜುಗಳಲ್ಲಿ ಯಾರ ಟೈಂಟೇಬಲ್ಲಿನಲ್ಲಿ ಬಿಡುವಿತ್ತೋ ಅವರು. ಕಾಮರ್ಸ್ ಮೇಷ್ಟ್ರು ಓಜೋನ್ ಪದರದ ನೋಟ್ಸ್ ಬರೆಸಿದ್ದನ್ನು ನಾನೇ ಬರೆದುಕೊಂಡಿದ್ದೇನೆ. ಪರಿಸರದ ಎಂ.ಎಸ್ಸಿ. ಆದವರಿಗೆ ಕಾಲೇಜಿನ ಮೇಷ್ಟ್ರಗಿರಿ ಸಹಜವಾಗಿ ಸಿಗಬೇಕಿತ್ತು. ಸಿಕ್ಕಿದ್ದು ಕೆಲವರಿಗೆ, ಅದೂ ಅತಿಥಿ ಉಪನ್ಯಾಸಕರಾಗಿ. ಮಾಲಿನ್ಯ ಮಂಡಳಿಗೆ ಹೋದರೆ ಅಲ್ಲಿ ಸಹಾಯಕ ಪರಿಸರ ಅಧಿಕಾರಿ ಹುದ್ದೆಗೆ ಕೇಳುವುದು ಇಂಜಿನಿಯರಿಂಗ್ ಪದವಿ.

ಈ ಮನೆತನದ ವಿದ್ಯೆಯನ್ನು ಹಗುರವಾಗಿ ಕಾಣಬಾರದು. ಬಿ.ಓ.ಡಿ. ಪರೀಕ್ಷೆಗೆ 300 ಮಿ.ಲೀ. ಗಾಜಿನ ಬಾಟಲಿಯನ್ನು ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಮುಚ್ಚಳ ಓರೆಯಾಗಿ ಹಾಕಿ, 27 ಡಿಗ್ರಿಯಲ್ಲಿ ಮೂರು ದಿನ ಕತ್ತಲಲ್ಲಿಟ್ಟು ಕಾಯಬೇಕು. ನೀರಿನಲ್ಲಿ ಎಷ್ಟು ಕೊಳಕಿದೆ ಎಂಬುದನ್ನು ಬ್ಯಾಕ್ಟೀರಿಯಾ ಉಸಿರಾಡಿದ ಲೆಕ್ಕದಲ್ಲಿ ಹೇಳುವ ಆ ಅಂಕಿ ಇಲ್ಲದೆ ಯಾವ ಕೋರ್ಟಿನಲ್ಲೂ ಕೆರೆಯ ಪರ ವಾದ ನಿಲ್ಲದು. ಬೆಳ್ಳಂದೂರಿನ ನೊರೆ ರಸ್ತೆಗೆ ಹಾರಿ, 2017ರ ಫೆಬ್ರವರಿಯಲ್ಲಿ ಕೆರೆಯ ಮೇಲೇ ಬೆಂಕಿ ಎದ್ದಾಗ ಅದಕ್ಕೆ ಕಾರಣ ಹೇಳಿದ್ದು ಇಂಥ ಅಂಕಿಗಳೇ.

ಆದರೆ ಅಂಕಿ ಎಲ್ಲಿ ನಿಲ್ಲುತ್ತದೆ? ಕೋಲಾರದ ಕೆರೆಗಳನ್ನು ನೋಡಿ. ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರನ್ನು ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರದ ನೂರಕ್ಕೂ ಹೆಚ್ಚು ಕೆರೆಗಳಿಗೆ ಹರಿಸುವ ಯೋಜನೆ. 2018ರ ಜೂನಿನಲ್ಲಿ ಲಕ್ಷ್ಮೀಸಾಗರ ಕೆರೆಗೆ ನೀರು ಬಂತು, ಜನ ಪೂಜೆ ಮಾಡಿದರು. ಜುಲೈನಲ್ಲಿ ನೊರೆ ಬಂತು. ಎರಡು ಹಂತ ಶುದ್ಧೀಕರಿಸಿದ್ದು ಸಾಕೋ, ಮೂರನೆಯ ಹಂತ ಬೇಕೋ ಎಂದು ವಿವಾದ ಹೈಕೋರ್ಟಿಗೂ ಸುಪ್ರೀಂ ಕೋರ್ಟಿಗೂ ಏರಿತು. ಬತ್ತಿದ ಬೋರ್‌ವೆಲ್ಲುಗಳಲ್ಲಿ ನೀರು ಮೇಲೆದ್ದದ್ದು ನಿಜ, ಊರಿನವರ ಭಯವೂ ನಿಜ. ಕೊಳಕೆಷ್ಟು ಎಂಬುದಕ್ಕೆ ಪ್ರಯೋಗಾಲಯದ ಬಳಿ ಉತ್ತರವಿದೆ. ಯಾವ ಕೆರೆ ಮೊದಲು ತುಂಬಬೇಕು, ಕೊನೆಯ ಕೆರೆಯವರು ಯಾರನ್ನು ಕೇಳಬೇಕು, ಬೆಂಗಳೂರು ಬಳಸಿ ಬಿಟ್ಟದ್ದನ್ನು ಕೋಲಾರ ಕೃತಜ್ಞತೆಯಿಂದ ತೆಗೆದುಕೊಳ್ಳಬೇಕೋ ಜಗಳವಾಡಿ ತೆಗೆದುಕೊಳ್ಳಬೇಕೋ ಎಂಬುದಕ್ಕೆ ಬಾಟಲಿಯಲ್ಲಿ ಉತ್ತರ ಸಿಗದು.

ಯಾರ ಕೆರೆ, ಯಾರ ಬೆಟ್ಟ

ಒಂದು ವೈವಾದಲ್ಲಿ ನಾನು ಮೂಲೆಯ ಕುರ್ಚಿಯಲ್ಲಿ ಕೂತಿದ್ದೆ. ಹುಡುಗ ಒಂದು ವರ್ಷ ಒಂದೇ ಕೆರೆಯ ನೀರು ಪರೀಕ್ಷಿಸಿ ಹನ್ನೆರಡು ಚಂದದ ಗ್ರಾಫು ಬರೆದಿದ್ದ. ಹೊರಗಿನಿಂದ ಬಂದ ಪರೀಕ್ಷಕರು ಪುಟ ತಿರುವುತ್ತ, "ಈ ಕೆರೆಯ ತೂಬು ಎತ್ತೋರು ಯಾರಪ್ಪ?" ಎಂದರು. ಹುಡುಗ ಗೈಡಿನ ಮುಖ ನೋಡಿದ. ಗೈಡು ಕಿಟಕಿ ನೋಡಿದರು.

ನಾಲ್ಕನೆಯ ಮನೆತನ ಹುಟ್ಟಿದ್ದೇ ಈ ಪ್ರಶ್ನೆಯಿಂದ. ಜೀವಶಾಸ್ತ್ರಜ್ಞ ಗ್ಯಾರೆಟ್ ಹಾರ್ಡಿನ್ 1968ರಲ್ಲಿ, ಎಲ್ಲರಿಗೂ ಸೇರಿದ ಗೋಮಾಳದಲ್ಲಿ ಪ್ರತಿಯೊಬ್ಬನೂ ಒಂದೊಂದು ದನ ಹೆಚ್ಚಿಗೆ ಬಿಟ್ಟು ಕೊನೆಗೆ ಎಲ್ಲರೂ ಹಾಳಾಗುತ್ತಾರೆ ಎಂದು ವಾದಿಸಿದ. ಪರಿಹಾರ ಎರಡೇ: ಸರ್ಕಾರದ ಬೇಲಿ ಅಥವಾ ಖಾಸಗಿ ಬೇಲಿ. ಎಲಿನೋರ್ ಆಸ್ಟ್ರಮ್ 1990ರ ತಮ್ಮ ಪುಸ್ತಕದಲ್ಲಿ, ಜನ ತಾವೇ ನಿಯಮ ಮಾಡಿಕೊಂಡು ನೂರಾರು ವರ್ಷ ನೀರು, ಹುಲ್ಲುಗಾವಲು ಕಾಪಾಡಿದ ನಿದರ್ಶನಗಳನ್ನು ಎದುರಿಗಿಟ್ಟರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೊದಲ ಮಹಿಳೆ ಆಕೆ. ಭಾರತದಲ್ಲಿ ಎನ್.ಎಸ್. ಜೋಧಾ 1986ರಲ್ಲೇ ಒಣಸೀಮೆಯ 80ಕ್ಕೂ ಹೆಚ್ಚು ಹಳ್ಳಿಗಳನ್ನು ಸುತ್ತಿ, ಬಡವರ ಆದಾಯದಲ್ಲಿ ಗೋಮಾಳ, ಕುರುಚಲು ಕಾಡು, ಕೆರೆಯಂಗಳದ ಪಾಲು ಎಷ್ಟು ದೊಡ್ಡದು, ಅವು ಎಷ್ಟು ವೇಗವಾಗಿ ಕರಗುತ್ತಿವೆ ಎಂದು ತೋರಿಸಿದ್ದರು.

ನಮ್ಮ ನಾಡಿನಲ್ಲಿ ಈ ಮನೆತನದವರಿಗೆ ಕೆಲಸ ಬೇಕಾದಷ್ಟಿದೆ. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ದಕ್ಷಿಣ ಕನ್ನಡದ ಕುಮ್ಕಿ, ಕೊಡಗಿನ ಬಾಣೆ, ಮಲೆನಾಡಿನ ಕಾನು, ಬಯಲುಸೀಮೆಯ ಗೋಮಾಳ, ಅಮೃತಮಹಲ್ ಕಾವಲು. ಒಂದೊಂದರ ಹಕ್ಕು ಒಂದೊಂದು ಬಗೆ. ಎಕರೆ ಅಡಿಕೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಎಂಬ ಏರ್ಪಾಡಿನಲ್ಲಿ ನೆಲ ಸರ್ಕಾರದ್ದು, ಸೊಪ್ಪು ತೋಟದವನದು. ಇದನ್ನು ಇಂಗ್ಲಿಷಿನ ಯಾವ ಪಠ್ಯಪುಸ್ತಕದ ಕೋಷ್ಟಕದಲ್ಲೂ ಕೂರಿಸಲಾಗದು. ಸಂಪನ್ಮೂಲ ನಿರ್ವಹಣೆಯ ಎಂ.ಎಸ್ಸಿ. ಮುಗಿಸಿದ ಹುಡುಗಿಗೆ ಅಮೆಜಾನಿನ ಬಗ್ಗೆ ಎರಡು ಪುಟ ಬರೆಯಲು ಬರುತ್ತದೆ, ತನ್ನ ತಾಲೂಕಿನ ಪಹಣಿಯಲ್ಲಿ ಖರಾಬು ಅ, ಖರಾಬು ಬ ಅಂದರೇನೆಂದು ಗೊತ್ತಿರುವುದಿಲ್ಲ. ನನ್ನ ದೊಡ್ಡ ತಕರಾರು ಇದೇ.

ಈ ಮನೆತನದೊಳಗೇ ಒಡಕಿದೆ. ಊರು ಕೂಡಿ ಕಾಯ್ದುಕೊಂಡ ಸೊಬಗನ್ನು ನೋಡುವವರು ಒಂದು ಕಡೆ. ಆ ಊರಿನೊಳಗೆ ಯಾರ ಕೈ ಮೇಲಿತ್ತು ಎಂದು ಕೇಳುವವರು ಇನ್ನೊಂದು ಕಡೆ. ಕೋಲಾರ ಸೀಮೆಯಲ್ಲಿ ತೂಬು ಎತ್ತಿ ಗದ್ದೆಗದ್ದೆಗೆ ನೀರು ಹಂಚುತ್ತಿದ್ದ ನೀರಗಂಟಿ ಬಹುಮಟ್ಟಿಗೆ ದಲಿತ. ಸುಗ್ಗಿಯಲ್ಲಿ ಕಣದಿಂದ ಕಾಳು ಕೊಡುತ್ತಿದ್ದರು. ಎಲ್ಲರ ಗದ್ದೆಗೂ ನ್ಯಾಯವಾಗಿ ನೀರು ಬಿಟ್ಟವನಿಗೆ ಅಚ್ಚುಕಟ್ಟಿನಲ್ಲಿ ಎಷ್ಟು ನೆಲವಿತ್ತು? ತಮಿಳುನಾಡಿನ ಕೆರೆಗಳ ಬಗ್ಗೆ ಡೇವಿಡ್ ಮೋಸ್ 2003ರಲ್ಲಿ ಬರೆದ ಪುಸ್ತಕ ನೀರಿನ ವ್ಯವಸ್ಥೆಯನ್ನು ಜಾತಿ, ಅಧಿಕಾರದಿಂದ ಬಿಡಿಸಿ ನೋಡಲಾಗದೆಂದು ತೋರಿಸಿತು. ಪಿಯರ್ಸ್ ಬ್ಲೇಕಿ 1985ರಲ್ಲಿ ಮಣ್ಣಿನ ಸವಕಳಿಯ ಬಗ್ಗೆ ಹೇಳಿದ್ದೂ ಇದೇ ಧಾಟಿಯದು: ಇಳಿಜಾರಿನಲ್ಲಿ ಉತ್ತವನನ್ನು ಬೈಯುವ ಮೊದಲು ಅವನನ್ನು ಇಳಿಜಾರಿಗೆ ಅಟ್ಟಿದ್ದು ಯಾರೆಂದು ಕೇಳಿ. ಕರಾವಳಿಯಲ್ಲಿ ಊರೇ ಸೇರಿ ಎಳೆಯುತ್ತಿದ್ದ ರಂಪಣಿ ಬಲೆ 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳ ಮುಂದೆ ಸೋತದ್ದನ್ನು ಬಂಗಡೆ, ಬೂತಾಯಿಯ ಲೆಕ್ಕವಷ್ಟೇ ವಿವರಿಸದು. ಸಾಲ ಯಾರಿಗೆ ಸಿಕ್ಕಿತು ಎಂಬುದೂ ಅದರಲ್ಲಿದೆ.

ಎರಡನೆಯ ಮತ್ತು ನಾಲ್ಕನೆಯ ಮನೆತನಗಳು ನೇರ ಎದುರಾಗುವ ಜಾಗ ಬಿಳಿಗಿರಿರಂಗನ ಬೆಟ್ಟ. 2011ರ ಜನವರಿಯಲ್ಲಿ ಅದು ಹುಲಿ ಸಂರಕ್ಷಿತ ಪ್ರದೇಶವಾಯಿತು, ಅದೇ ವರ್ಷದ ಅಕ್ಟೋಬರಿನಲ್ಲಿ ಸೋಲಿಗರ ಗ್ರಾಮಸಭೆಗಳಿಗೆ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯದ ಹಕ್ಕುಪತ್ರ ಸಿಕ್ಕಿತು. ಬೆಟ್ಟದ ತುಂಬ ಲಂಟಾನ. ವರ್ಷಕ್ಕೊಮ್ಮೆ ನೆಲದ ಎಲೆಯನ್ನಷ್ಟೇ ಸುಡುವ ತರಗು ಬೆಂಕಿಯನ್ನು ನಿಲ್ಲಿಸಿದ್ದರಿಂದಲೇ ಲಂಟಾನ ಹಬ್ಬಿತು, ನೆಲ್ಲಿ ಮರಕ್ಕೆ ಬಂದಳಿಕೆ ಹತ್ತಿತು ಎಂದು ಸೋಲಿಗರು ಹೇಳುತ್ತಾರೆ. ಏಟ್ರೀ ಸಂಸ್ಥೆಯ ಸಂಶೋಧಕರು ಅದನ್ನು ಗಂಭೀರವಾಗಿ ತೆಗೆದುಕೊಂಡು ಅಳೆದಿದ್ದಾರೆ. ಲಂಟಾನ ದಟ್ಟವಾಗಿ ಬೆಳೆದ ಮೇಲೆ ಹಾಕುವ ಬೆಂಕಿ ಹಳೆಯ ತರಗು ಬೆಂಕಿಯ ಹಾಗೆ ನೆಲಮಟ್ಟದಲ್ಲಿ ನಿಲ್ಲುವುದಿಲ್ಲ ಎಂಬ ಅಳುಕೂ ಇದೆ. ಮತ್ತೆ ಅದೇ ಬಿದಿರ ಮುಳ್ಳಿನ ಪ್ರಶ್ನೆ, ಈ ಸಲ ಉತ್ತರ ಅಷ್ಟು ಸರಳವಾಗಿಲ್ಲ.

ವರದಿ ಬರೆಯುವ ಮನೆತನ

ಐದನೆಯದು ಮ್ಯಾನೇಜ್‌ಮೆಂಟಿನವರದು. 1982ರಲ್ಲಿ ಭೋಪಾಲಿನಲ್ಲಿ ಭಾರತೀಯ ಅರಣ್ಯ ನಿರ್ವಹಣಾ ಸಂಸ್ಥೆ ಬಂದಾಗ, ಕಾಡಿಗೂ ಮ್ಯಾನೇಜರು ಬೇಕೆಂಬ ಆಸೆ ಇತ್ತು. ಆದರೆ ಅರಣ್ಯ ಇಲಾಖೆಯ ಉನ್ನತ ಹುದ್ದೆಗಳ ಬಾಗಿಲು ಯುಪಿಎಸ್‌ಸಿ ಪರೀಕ್ಷೆಯ ಮೂಲಕವೇ ತೆರೆಯುವುದರಿಂದ ಅಲ್ಲಿ ಓದಿದವರು ಬ್ಯಾಂಕು, ಸ್ವಯಂಸೇವಾ ಸಂಸ್ಥೆ, ಕನ್ಸಲ್ಟೆನ್ಸಿಗಳತ್ತ ಹೊರಳಿದರು. ದೆಹಲಿಯ ಟೆರಿ ಮತ್ತಿತರ ಕಡೆಗಳಲ್ಲೂ ಇಂಥ ಕೋರ್ಸುಗಳು ಬಂದವು.

ಇವರಿಗೆ ಸಂಬಳ ಕೊಡುವುದು ಕಾನೂನಿನ ಕಾಗದ. 1994ರಲ್ಲಿ, ಮತ್ತೆ 2006ರಲ್ಲಿ ಪರಿಸರ ಪರಿಣಾಮ ಅಧ್ಯಯನದ ಅಧಿಸೂಚನೆ ಬಂದು, ಗಣಿಯಿಂದ ಅಪಾರ್ಟ್‌ಮೆಂಟಿನವರೆಗೆ ವರದಿ ಕಡ್ಡಾಯವಾಯಿತು. 2013ರ ಕಂಪನಿ ಕಾಯ್ದೆ ಸಿಎಸ್‌ಆರ್ ದುಡ್ಡು ತಂದಿತು. ಷೇರುಪೇಟೆಯ ಮೊದಲ 1000 ಕಂಪನಿಗಳು 2022–23ರಿಂದ ಸುಸ್ಥಿರತೆಯ ವರದಿ ಸಲ್ಲಿಸಲೇಬೇಕು. ಇವತ್ತು ಪರಿಸರ ಓದಿದವರಿಗೆ ಕೈತುಂಬ ಸಂಬಳ ಸಿಗುವುದು ಇಲ್ಲೇ. ಫೋನು ಮಾಡುವ ಅಪ್ಪಂದಿರಿಗೆ ನಾನು ಇದನ್ನು ಮುಚ್ಚಿಡುವುದಿಲ್ಲ.

ಪ್ರಕೃತಿಗೆ ಬೆಲೆ ಕಟ್ಟದಿದ್ದರೆ ಸರ್ಕಾರ ಅದನ್ನು ಸೊನ್ನೆಯೆಂದೇ ಎಣಿಸುತ್ತದೆ ಎಂಬುದು ಇವರ ವಾದ. 1997ರಲ್ಲಿ ರಾಬರ್ಟ್ ಕೊಸ್ಟಾಂಜಾ ಮತ್ತು ಸಂಗಡಿಗರು ಭೂಮಿಯ ಪರಿಸರ ಸೇವೆಗಳಿಗೆ ವರ್ಷಕ್ಕೆ ಸರಾಸರಿ 33 ಲಕ್ಷ ಕೋಟಿ ಡಾಲರ್ ಬೆಲೆ ಕಟ್ಟಿದರು. ಕಾಡು ಕೊಟ್ಟರೆ ಕಂಪನಿ ಎಷ್ಟು ತೆರಬೇಕೆಂದು ಲೆಕ್ಕ ಹಾಕಲು ಸುಪ್ರೀಂ ಕೋರ್ಟ್ ಅರ್ಥಶಾಸ್ತ್ರಜ್ಞೆ ಕಾಂಚನ್ ಚೋಪ್ರಾ ಸಮಿತಿಯನ್ನು ನೇಮಿಸಿತು. ಲೆಕ್ಕ ಬಂದ ಮೇಲೆ ಕಾಡು ಉಳಿಯಿತೋ, ಅಥವಾ ಕಡಿಯಲು ರಸೀದಿ ಸಿಕ್ಕಿತೋ? ಎರಡೂ ಆಗಿದೆ ಎನ್ನಬೇಕು.

ಈ ಮನೆತನದ ದೌರ್ಬಲ್ಯ ಗ್ರಾಹಕನಲ್ಲಿದೆ. ವರದಿಗೆ ದುಡ್ಡು ಕೊಡುವುದು ಯೋಜನೆ ಮಾಡುವವನೇ. ಮಹಾರಾಷ್ಟ್ರದ ರತ್ನಾಗಿರಿಯ ಬಾಕ್ಸೈಟ್ ಗಣಿಯೊಂದರ ಅಧ್ಯಯನ ವರದಿಯಲ್ಲಿ ರಷ್ಯಾದ ಗಣಿಯ ವರದಿಯಿಂದ ಎತ್ತಿದ ಭಾಗಗಳು ಸಿಕ್ಕದ್ದು ಈ ಕ್ಷೇತ್ರದವರೆಲ್ಲರಿಗೂ ಗೊತ್ತು. ಬರೆದವರು ಓದಿದವರೇ.

ಹೊರದೇಶಕ್ಕೆ ಹೋಗುವವರಿಗೆ ಒಂದೇ ಮಾತು. ಅಮೆರಿಕದಲ್ಲಿ ಸಂಶೋಧನೆಯ ಎಂ.ಎಸ್. ಬೇರೆ, ವೃತ್ತಿಯ ಪರಿಸರ ನಿರ್ವಹಣಾ ಪದವಿ ಬೇರೆ. ಮೊದಲನೆಯದಕ್ಕೆ ಪ್ರಾಧ್ಯಾಪಕರ ಗ್ರಾಂಟಿನಿಂದ ಸಹಾಯಧನ ಸಿಗಬಹುದು, ಎರಡನೆಯದಕ್ಕೆ ಹೆಚ್ಚಿನವರು ಸಾಲ ಮಾಡಿ ಹೋಗುತ್ತಾರೆ. ಹೆಸರು ಒಂದೇ ಥರ ಇರುತ್ತದೆ, ಸಾಲ ಒಂದೇ ಥರ ಇರುವುದಿಲ್ಲ.

ಇತ್ಯರ್ಥವಾಗದ ಜಗಳಗಳು

ಮೊದಲನೆಯ ಜಗಳ ಹರವಿನದು. ಎಲ್ಲವನ್ನೂ ಸ್ವಲ್ಪಸ್ವಲ್ಪ ಕಲಿತವರು ಬೇಕೋ, ಒಂದನ್ನು ಆಳವಾಗಿ ಕಲಿತು ಪಕ್ಕದವರ ಭಾಷೆ ತಿಳಿದವರು ಬೇಕೋ? ಕೋಲಾರದ ಕೆರೆಗೆ ರಸಾಯನಶಾಸ್ತ್ರ, ಅಂತರ್ಜಲ, ಕಾನೂನು, ಜಾತಿ ಎಲ್ಲವೂ ಬೇಕು. ಒಬ್ಬರ ತಲೆಯಲ್ಲಿ ಎಲ್ಲವನ್ನೂ ತುಂಬಲು ಎರಡು ವರ್ಷ ಸಾಲದು. ನನ್ನ ಒಲವು ಎರಡನೆಯದರ ಕಡೆಗೆ. ಆದರೆ ಹಾಗೆ ಓದಿದ ರಸಾಯನಶಾಸ್ತ್ರಜ್ಞೆಗೆ ಕಾನೂನಿನವರ ಪಕ್ಕ ಕುರ್ಚಿ ಹಾಕುವ ಇಲಾಖೆ ನಮ್ಮಲ್ಲಿಲ್ಲ, ಹಾಗಾಗಿ ಒಬ್ಬರನ್ನೇ ಸರ್ವಜ್ಞರನ್ನಾಗಿಸುವ ಆಸೆ ಬಿಡುವುದಿಲ್ಲ.

ಎರಡನೆಯದು, ಈ ಓದು ತಟಸ್ಥವಾಗಿರಬೇಕೋ ಪಕ್ಷ ವಹಿಸಬೇಕೋ ಎಂಬುದು. ಗಾಡ್ಗೀಳ್ ಸಮಿತಿ 2011ರಲ್ಲಿ ಪಶ್ಚಿಮ ಘಟ್ಟದ ವರದಿ ಕೊಟ್ಟಾಗ ಗ್ರಾಮಸಭೆಗಳಿಗೆ ತೀರ್ಮಾನ ಬಿಡಬೇಕೆಂದದ್ದನ್ನು, ಇದು ವಿಜ್ಞಾನವೋ ರಾಜಕೀಯವೋ ಎಂದು ಕೇಳಿದವರಿದ್ದರು. 2013ರ ಕಸ್ತೂರಿರಂಗನ್ ವರದಿ ಉಪಗ್ರಹದ ಚಿತ್ರ ನೋಡಿ ಗೆರೆ ಎಳೆಯಿತು. ಆ ಗೆರೆಗೂ ಊರುಗಳು ತಿರುಗಿಬಿದ್ದವು. ಎರಡು ವರದಿಗಳನ್ನೂ ಪಕ್ಕಪಕ್ಕ ಇಟ್ಟು ಪಾಠ ಮಾಡುವ ತರಗತಿ ಸಿಕ್ಕಿದರೆ ಮಗಳನ್ನು ಕಣ್ಣುಮುಚ್ಚಿ ಸೇರಿಸಿ ಎನ್ನುತ್ತೇನೆ.

ಮೂರನೆಯದು ಕಲಿತದ್ದು ಎಲ್ಲಿಗೆ ಮರಳಬೇಕು ಎಂಬುದು. ಇಂಗ್ಲಿಷಿನಲ್ಲಿ ಬರೆದ ಪ್ರಬಂಧಗಳು ವಿಭಾಗದ ಬೀರುವಿನಲ್ಲಿ ಉಳಿಯುತ್ತವೆ. ಕನ್ನಡದಲ್ಲಿ, ಊರಿನಲ್ಲೇ ಉಳಿಯಬೇಕಾದ ಒಂದು ದಾಖಲೆಯನ್ನು ಕಾನೂನು ಸೃಷ್ಟಿಸಿದೆ. 2002ರ ಜೀವವೈವಿಧ್ಯ ಕಾಯ್ದೆಯ ಜನತಾ ಜೀವವೈವಿಧ್ಯ ದಾಖಲಾತಿ ಅದು. ಊರಿನವರು ತಮ್ಮ ಗಿಡ, ಮೀನು, ತಳಿಗಳನ್ನು ತಾವೇ ಬರೆದಿಡಬೇಕು, ಓದಿದವರು ನೆರವಾಗಬೇಕು. 2019ರಲ್ಲಿ ಹಸಿರು ನ್ಯಾಯಪೀಠ, 2020ರ ಜನವರಿ 31ರೊಳಗೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ರೂಪಾಯಿ ದಂಡ ಎಂದಿತು. ದೇಶದ ತುಂಬ ಅವಸರದಿಂದ ದಾಖಲೆಗಳು ತುಂಬಿದವು. ಪರಿಸರ ಓದಿದ ಎಷ್ಟೋ ಹುಡುಗರಿಗೆ ಕೆಲವು ತಿಂಗಳು ಕೈಗೆ ಕೆಲಸವೂ ಸಿಕ್ಕಿತು. ಇದು ಓದಿದವರ ಕೆಲಸವೋ, ಊರಿನವರ ಕೆಲಸವೋ ಎಂಬುದು ತೀರ್ಮಾನವಾಗಲಿಲ್ಲ.

ಮಲೆನಾಡಿನ ಒಂದು ಪಂಚಾಯ್ತಿಯಲ್ಲಿ ಆ ಪುಸ್ತಕ ನೋಡಬೇಕೆಂದು ಕೇಳಿದೆ. ಪಿಡಿಓ ಬೀರುವಿನ ಕೀಲಿ ಹುಡುಕಿಸಿ ತೆಗೆದುಕೊಟ್ಟರು. ಪ್ಲಾಸ್ಟಿಕ್ ಹೊದಿಕೆ, ಅಚ್ಚುಕಟ್ಟಾದ ಬೈಂಡು, ಸಾಲುಸಾಲು ಲ್ಯಾಟಿನ್ ಹೆಸರು, ಪಕ್ಕದಲ್ಲಿ 'ಸ್ಥಳೀಯ ಹೆಸರು' ಕಾಲಂ. ಏನೋ ಅರ್ಜಿ ಕೊಡಲು ಬಂದಿದ್ದ ಹಿರಿಯ ಹೆಂಗಸೊಬ್ಬರು ಬಗ್ಗಿ ನೋಡಿ, ನಾನು ಓದಿ ಹೇಳಿದ ಮೂರನೆಯ ಹೆಸರಿಗೇ ನಕ್ಕರು. "ಇದು ನಮ್ಮ ಕಡೆ ಇಲ್ಲ ಮಾರಾಯ್ರೆ, ಬಯಲುಸೀಮೆದು. ಹೊಳೆಬದಿ ಅಪ್ಪೆಮಿಡಿ ಬರ್ದಿದ್ದಾರಾ ನೋಡಿ." ನೋಡಿದೆ. ಮಾವು ಎಂದು ಒಂದೇ ಸಾಲಿತ್ತು. ಅವರು ಬೆರಳು ಮಡಚುತ್ತ ಅಲ್ಲೇ ನಿಂತು ಏಳೆಂಟು ಮಿಡಿಮರಗಳ ಹೆಸರು, ಯಾವುದರ ಸೊನೆ ಹೇಗೆ, ಯಾವುದು ಉಪ್ಪಿನಲ್ಲಿ ಎಷ್ಟು ವರ್ಷ ಕೆಡುವುದಿಲ್ಲ ಎಂದು ಹೇಳಿದರು. ಪಿಡಿಓ ಪೆನ್ನು ತೆಗೆದರು. ಆದರೆ ಆ ಪುಟದ ಕಾಲಮ್ಮುಗಳೆಲ್ಲ ಮೊದಲೇ ತುಂಬಿದ್ದವು.